ಬ್ಯಾಂಕ್ ಖಾತೆಯ ದಂಡ ಮತ್ತು ಓವರ್‌ಡ್ರಾಫ್ಟ್ ಶುಲ್ಕ: ನಿಯಮ ಏನು, ದೂರು ಎಲ್ಲಿ?

ಜತ್ತ ತಾಲೂಕಿನ ಉಮದಿ, ಸಂಖ, ಮಾಡಗ್ಯಾಳ, ಬಿಳೂರ ಭಾಗದ ನಮ್ಮ ಸದಸ್ಯರಲ್ಲಿ ಒಂದೇ ಮನೆಗೆ ಎರಡು ಮೂರು ಖಾತೆ ಇರುವುದು ಸಾಮಾನ್ಯ. ಬೆಳೆಸಾಲ ಒಂದು ಬ್ಯಾಂಕಿನಲ್ಲಿ, ಮಕ್ಕಳ ಶಿಷ್ಯವೇತನ ಇನ್ನೊಂದರಲ್ಲಿ, ವಿಜಯಪುರ ಇಲ್ಲವೆ ಅಥಣಿಯಲ್ಲಿ ತೆರೆದ ಹಳೆಯ ಖಾತೆ ಮತ್ತೊಂದು. ಯಾವುದೋ ಒಂದರಲ್ಲಿ ಹಣ ಕಡಿಮೆಯಾದಾಗ ದಂಡ ಬೀಳುತ್ತದೆ. ಶಾಖೆಯ ಫಲಕ, ಸೂಚನಾಪತ್ರಗಳು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಇರುವುದರಿಂದ ಕಡಿತ ಏಕಾಯಿತು ಎಂಬುದು ಕನ್ನಡ ಮಾತ್ರ ಓದಬಲ್ಲವರಿಗೆ ತಿಳಿಯುವುದೇ ಇಲ್ಲ. ಅಂಥವರಿಗಾಗಿ ಈ ಮಾಹಿತಿ.

ಬ್ರಿಟನ್ನಿನಲ್ಲಿ ನಡೆದ ತನಿಖೆ

ಖಾತೆಯಲ್ಲಿ ಇಲ್ಲದ ಹಣವನ್ನು ಒಂದು ಮಿತಿಯವರೆಗೆ ತೆಗೆಯಲು ಬ್ಯಾಂಕ್ ಕೊಡುವ ಅವಕಾಶವೇ ಓವರ್‌ಡ್ರಾಫ್ಟ್. ಬ್ರಿಟನ್ನಿನಲ್ಲಿ ಮೊದಲೇ ಒಪ್ಪಂದವಿಲ್ಲದೆ ಖಾತೆ ಸೊನ್ನೆಗಿಂತ ಕೆಳಗಿಳಿದರೆ ಬ್ಯಾಂಕುಗಳು ಭಾರಿ ಶುಲ್ಕ ಹಾಕುತ್ತಿದ್ದವು. ಇದು ನ್ಯಾಯಸಮ್ಮತವೇ ಎಂದು ಅಲ್ಲಿನ ನ್ಯಾಯವ್ಯಾಪಾರ ಕಚೇರಿ 2007ರಲ್ಲಿ ತನಿಖೆ ಆರಂಭಿಸಿತು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2009ರ ನವೆಂಬರ್ 25ರಂದು ಬ್ಯಾಂಕುಗಳ ಪರ ತೀರ್ಪು ಬಂತು: ಈ ಶುಲ್ಕ ಸೇವೆಯ ಬೆಲೆಯ ಒಂದು ಭಾಗ, ಆ ಬೆಲೆ ಸರಿಯೇ ತಪ್ಪೇ ಎಂದು ಗ್ರಾಹಕ ಒಪ್ಪಂದ ನಿಯಮದಡಿ ಅಳೆಯಲು ಕಚೇರಿಗೆ ಅಧಿಕಾರವಿಲ್ಲ. ಕೊನೆಗೆ ಅಲ್ಲಿನ ಹಣಕಾಸು ನಿಯಂತ್ರಕರೇ ನಿಯಮ ಬದಲಿಸಿದರು. 2020ರ ಏಪ್ರಿಲ್‌ನಿಂದ ಒಪ್ಪಂದವಿಲ್ಲದ ಓವರ್‌ಡ್ರಾಫ್ಟ್‌ಗೆ ಹೆಚ್ಚಿನ ದರ ಹಾಕುವಂತಿಲ್ಲ.

ಇದರಿಂದ ನಾವು ಕಲಿಯುವ ಪಾಠ ಒಂದೇ. 'ದಂಡ ಬಹಳ ಆಯಿತು' ಎಂಬ ವಾದ ಸುಲಭವಾಗಿ ನಿಲ್ಲುವುದಿಲ್ಲ. 'ಈ ನಿಯಮ ಮುರಿದಿದ್ದೀರಿ' ಎಂಬ ವಾದ ನಿಲ್ಲುತ್ತದೆ.

ನಮ್ಮ ದೇಶದ ನಿಯಮ

ನಮ್ಮಲ್ಲಿ ಸಾಮಾನ್ಯ ಜನರಿಗೆ ತಟ್ಟುವುದು ಓವರ್‌ಡ್ರಾಫ್ಟ್‌ಗಿಂತ ಕನಿಷ್ಠ ಶಿಲ್ಕಿನ ದಂಡ. ವಾಣಿಜ್ಯ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2014ರ ನವೆಂಬರ್ 20ರಂದು ಸುತ್ತೋಲೆ ಹೊರಡಿಸಿ, 2015ರ ಏಪ್ರಿಲ್ 1ರಿಂದ ಈ ನಿಯಮಗಳನ್ನು ಜಾರಿಗೆ ತಂದಿತು:

1. ಉಳಿತಾಯ ಖಾತೆಯಲ್ಲಿ ಶಿಲ್ಕು ಕಡಿಮೆಯಾದರೆ ಎಸ್‌ಎಂಎಸ್, ಇ-ಮೇಲ್ ಅಥವಾ ಪತ್ರದ ಮೂಲಕ ಮೊದಲು ತಿಳಿಸಬೇಕು.
2. ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು.
3. ದಂಡವು ಕೊರತೆಯಾದ ಮೊತ್ತಕ್ಕೆ ತಕ್ಕಂತೆ ಇರಬೇಕು.
4. ಕೇವಲ ದಂಡದ ಕಾರಣದಿಂದ ಖಾತೆ ಸೊನ್ನೆಗಿಂತ ಕೆಳಗೆ ಹೋಗಬಾರದು.

ಉದಾಹರಣೆಗೆ, 1,000 ರೂಪಾಯಿ ಇರಬೇಕಾದಲ್ಲಿ 600 ಇದ್ದರೆ ಕೊರತೆ 400. ಬ್ಯಾಂಕಿನ ದರ ಶೇ. 5 ಎಂದಿಟ್ಟುಕೊಂಡರೆ ದಂಡ 20 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 23.60 ರೂಪಾಯಿ. ಖಾತೆಯಲ್ಲಿ 10 ರೂಪಾಯಿ ಮಾತ್ರ ಇದ್ದರೆ, ದಂಡದ ಹೆಸರಿನಲ್ಲಿ ಅದನ್ನು ಸೊನ್ನೆಯ ಕೆಳಗೆ ಇಳಿಸಿ, ಮುಂದೆ ಬಂದ ಸಹಾಯಧನದಿಂದ ಮುರಿದುಕೊಳ್ಳುವಂತಿಲ್ಲ.

ಎರಡು ವರ್ಷ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಕನಿಷ್ಠ ಶಿಲ್ಕಿನ ದಂಡ ಹಾಕುವಂತಿಲ್ಲ. ಅದನ್ನು ಮತ್ತೆ ಚಾಲೂ ಮಾಡಲೂ ಶುಲ್ಕವಿಲ್ಲ.

2017ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸ್ಟೇಟ್ ಬ್ಯಾಂಕ್ ಒಂದೇ ಈ ದಂಡದಿಂದ ಸುಮಾರು 1,771 ಕೋಟಿ ರೂಪಾಯಿ ಪಡೆದಿತ್ತು. ಟೀಕೆ ಬಂದ ಮೇಲೆ ದಂಡ ಇಳಿಸಿ, 2020ರ ಮಾರ್ಚ್‌ನಲ್ಲಿ ಪೂರ್ತಿ ಕೈಬಿಟ್ಟಿತು. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಕೈಬಿಟ್ಟಿತು. ಕನಿಷ್ಠ ಶಿಲ್ಕು ಎಷ್ಟಿರಬೇಕು ಎಂಬುದನ್ನು ಆಯಾ ಬ್ಯಾಂಕೇ ನಿರ್ಧರಿಸುತ್ತದೆ. ಆದ್ದರಿಂದ ನಿಮ್ಮ ಶಾಖೆಯಲ್ಲಿ ಕೇಳಿ ತಿಳಿಯಿರಿ.

ಜನಧನ ಖಾತೆ

ಜನಧನ ಮತ್ತು ಇತರ ಮೂಲ ಉಳಿತಾಯ ಖಾತೆಗಳಿಗೆ ಕನಿಷ್ಠ ಶಿಲ್ಕು ಬೇಕಿಲ್ಲ. ಜನಧನ ಖಾತೆಗೆ 10,000 ರೂಪಾಯಿವರೆಗೆ ಓವರ್‌ಡ್ರಾಫ್ಟ್ ಸೌಲಭ್ಯವಿದೆ, ಅದರಲ್ಲಿ 2,000ದವರೆಗೆ ಷರತ್ತಿಲ್ಲ. ಇದು ಸಾಲವೇ ಹೊರತು ಅನುದಾನವಲ್ಲ, ಬಡ್ಡಿಯೊಂದಿಗೆ ತೀರಿಸಬೇಕು.

ಮೂಲ ಖಾತೆಗಳಲ್ಲಿ ತಿಂಗಳಿಗೆ ನಾಲ್ಕನ್ನು ಮೀರಿದ ಪ್ರತಿ ಡಿಜಿಟಲ್ ಪಾವತಿಗೂ ಸ್ಟೇಟ್ ಬ್ಯಾಂಕ್ 17.70 ರೂಪಾಯಿ ಮುರಿಯುತ್ತಿದ್ದುದನ್ನು ಐಐಟಿ ಬಾಂಬೆಯ ಪ್ರಾಧ್ಯಾಪಕ ಆಶಿಶ್ ದಾಸ್ ಅವರ ಅಧ್ಯಯನ ಬಯಲಿಗೆ ತಂದಿತು. 2020ರ ಜನವರಿ 1ರ ನಂತರ ಯುಪಿಐ, ರುಪೇ ಪಾವತಿಗಳ ಮೇಲೆ ಪಡೆದ ಶುಲ್ಕ ಹಿಂತಿರುಗಿಸಿ ಎಂದು ನೇರ ತೆರಿಗೆ ಮಂಡಳಿ ಅದೇ ವರ್ಷದ ಆಗಸ್ಟ್ 30ರಂದು ಬ್ಯಾಂಕುಗಳಿಗೆ ಸೂಚಿಸಿತು. ಕಡಿತವಾದ ಹಣ ಮರಳಿ ಬರುವುದಿಲ್ಲ ಎಂದು ಸುಮ್ಮನಿರಬೇಕಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಸಾಲದ ಮೇಲಿನ ದಂಡ

ಕಂತು ತಪ್ಪಿದರೆ ದಂಡವನ್ನು ಬಡ್ಡಿದರಕ್ಕೆ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. 2023ರ ಆಗಸ್ಟ್ 18ರ ಈ ಸೂಚನೆ ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ನಗರ ಸಹಕಾರಿ ಬ್ಯಾಂಕು ಮತ್ತು ಹಣಕಾಸು ಕಂಪನಿಗಳಿಗೆ ಅನ್ವಯ. ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇಂಥ ದಂಡದ ಮೇಲೆ ಜಿಎಸ್‌ಟಿಯೂ ಇಲ್ಲವೆಂದು 2025ರ ಜನವರಿಯಲ್ಲಿ ಸ್ಪಷ್ಟಪಡಿಸಲಾಗಿದೆ.

ದೂರು ಕೊಡುವ ಕ್ರಮ

ಮೊದಲು ಪಾಸ್‌ಬುಕ್ ತುಂಬಿಸಿಕೊಂಡು ಕಡಿತದ ದಿನಾಂಕ, ಮೊತ್ತ ಗುರುತು ಮಾಡಿ. ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮುನ್ಸೂಚನೆ ಯಾವಾಗ ಕಳಿಸಿದಿರಿ, ಕೊರತೆ ಎಷ್ಟಿತ್ತು, ದರ ಎಷ್ಟು ಎಂಬ ಮೂರು ಪ್ರಶ್ನೆ ಅರ್ಜಿಯಲ್ಲಿರಲಿ.

30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸಿಎಂಎಸ್ ಜಾಲತಾಣದಲ್ಲಿ ಸಲ್ಲಿಸಬಹುದು ಅಥವಾ ಚಂಡೀಗಢದ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಉತ್ತರ ದೊರೆಯುತ್ತದೆ. ನಮ್ಮ ಹಿರಿಯರು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ. ನೆನಪಿರಲಿ, ಬ್ಯಾಂಕಿನ ವ್ಯಾವಹಾರಿಕ ತೀರ್ಮಾನದ ವಿರುದ್ಧದ ದೂರು ಇಲ್ಲಿ ನಡೆಯದು. ದೂರಿನಲ್ಲಿ ಮುರಿದ ನಿಯಮವನ್ನೇ ತೋರಿಸಿ.

ಪತಸಂಸ್ಥೆಗಳು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ವ್ಯಾಪ್ತಿಗೆ ಬರುವುದಿಲ್ಲ. ಮಹಾರಾಷ್ಟ್ರದಲ್ಲಿ ನೋಂದಾಯಿತವಾದ ಸಂಸ್ಥೆಯಾದರೆ ಸಹಕಾರ ಇಲಾಖೆಯ ನಿಬಂಧಕರ ಕಚೇರಿಗೆ ಹೋಗಬೇಕು. ಎರಡೂ ರಾಜ್ಯಗಳಲ್ಲಿ ಶಾಖೆಯಿರುವ ಬಹುರಾಜ್ಯ ಸಹಕಾರಿಯಾದರೆ ಕೇಂದ್ರ ಸರ್ಕಾರದ ಸಹಕಾರಿ ಓಂಬುಡ್ಸ್‌ಮನ್ ಇದ್ದಾರೆ. ಠೇವಣಿ ಇಡುವ ಮೊದಲೇ ರಸೀದಿಯ ಮೇಲೆ ಯಾವ ಕಾಯ್ದೆಯಡಿ ನೋಂದಣಿ ಎಂಬುದನ್ನು ನೋಡಿಕೊಳ್ಳಿ.

ಇವಲ್ಲದೆ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಘಟನೆಯಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಗ್ರಾಹಕ ಸಹಾಯವಾಣಿ 1915.

ಮನೆಯಲ್ಲಿ ಬಳಕೆಯಿಲ್ಲದ ಖಾತೆಗಳಿದ್ದರೆ ಈ ತಿಂಗಳೇ ಪಾಸ್‌ಬುಕ್ ತುಂಬಿಸಿ ನೋಡಿ, ಬೇಡವಾದದ್ದನ್ನು ಮುಚ್ಚಿಸಿ. ಓದು ಬಾರದ ಅಕ್ಕಪಕ್ಕದವರ ಪಾಸ್‌ಬುಕ್ಕನ್ನೂ ಒಮ್ಮೆ ಓದಿ ಹೇಳಿ.