ಒಂದೇ ಹೆಸರು, ಎರಡು ಮೀನು: ಬಾಲ್ಟಿಕ್ ಫ್ಲೌಂಡರ್‌ನ ವಂಶಚರಿತ್ರೆ

ಬಾಲ್ಟಿಕ್ ಹೆಸರಿಗಷ್ಟೇ ಸಮುದ್ರ. ಅದರ ನಡುಭಾಗದ ಮೇಲ್ಪದರದಲ್ಲಿ ಒಂದು ಕಿಲೋ ನೀರಿಗೆ ಉಪ್ಪು 7 ಗ್ರಾಂ ಆಸುಪಾಸು. ಉತ್ತರದ ಬೋತ್ನಿಯಾ ಕೊಲ್ಲಿಯ ತುದಿಗೆ ಹೋದರೆ ಎರಡು ಮೂರು ಗ್ರಾಂ. ಮಹಾಸಾಗರಗಳಲ್ಲಿ ಇದು ಸುಮಾರು 35 ಗ್ರಾಂ. ಸಿಹಿನೀರಿನ ಪೈಕ್ ಮತ್ತು ಪರ್ಚ್ ಮೀನುಗಳ ಜೊತೆಗೆ ಕಡಲಿನ ಹೆರಿಂಗ್ ಕೂಡ ಬದುಕುವ ಈ ಸಪ್ಪೆ ಕಡಲಿನಲ್ಲಿ ಫ್ಲೌಂಡರ್ ಎಂಬ ಚಪ್ಪಟೆ ಮೀನೂ ಇದೆ. ಮರಿಯಾಗಿದ್ದಾಗ ಎಲ್ಲ ಮೀನುಗಳಂತೆ ನೆಟ್ಟಗೆ ಈಜುವ ಇದು, ಬೆಳೆಯುತ್ತ ಒಂದು ಕಣ್ಣನ್ನು ನೆತ್ತಿ ದಾಟಿಸಿ ಇನ್ನೊಂದು ಕಣ್ಣಿನ ಪಕ್ಕಕ್ಕೆ ತಂದುಕೊಂಡು ತಳದ ಮರಳಿನಲ್ಲಿ ಮಗ್ಗುಲಾಗುತ್ತದೆ. ಕಾರ್ಲ್ ಲಿನೇಯಸ್ 1758ರಲ್ಲೇ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಇಂದು ಅದು ಪ್ಲಾಟಿಕ್ತಿಸ್ ಫ್ಲೆಸಸ್. ಯುರೋಪಿನ ತೀರದುದ್ದಕ್ಕೂ ಸಿಗುವ, ಎಲ್ಲರಿಗೂ ಪರಿಚಿತವಾದ ಈ ಮೀನಿನಲ್ಲಿ ಹೊಸದಾಗಿ ಹುಡುಕುವುದಕ್ಕೆ ಏನೂ ಉಳಿದಿಲ್ಲ ಎಂದೇ ಬಹುಕಾಲ ನಂಬಲಾಗಿತ್ತು.

ಸಂಶಯ ಹುಟ್ಟಿದ್ದು ಮೊಟ್ಟೆಯಿಂದ. ಕಡಲಿನ ಬಹುತೇಕ ಚಪ್ಪಟೆ ಮೀನುಗಳ ಮೊಟ್ಟೆ ನೀರಿನಲ್ಲಿ ತೇಲುತ್ತದೆ. ಮೊಟ್ಟೆಯಿಡುವ ಮುನ್ನ ಹೆಣ್ಣುಮೀನಿನ ಅಂಡಾಣು ನೀರನ್ನು ಹೀರಿ ಉಬ್ಬಿಕೊಳ್ಳುತ್ತದೆ. ಹಾಗೆ ಹೀರಿದ ನೀರು ಸುತ್ತಲಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಮೊಟ್ಟೆ ಮುಳುಗದೆ ನಿಲ್ಲುತ್ತದೆ. ಉಪ್ಪು ಕಡಿಮೆಯಾದಷ್ಟೂ ತೇಲುವುದು ಕಷ್ಟ. ಬಾಲ್ಟಿಕ್‌ನ ದಕ್ಷಿಣ ಮತ್ತು ನಡುಭಾಗದ ಆಳವಾದ ಬೊಗುಣಿಗಳಲ್ಲಿ, ಬೋರ್ನ್‌ಹೋಮ್ ಮತ್ತು ಗೋಟ್ಲಾಂಡ್ ದ್ವೀಪಗಳ ಪಕ್ಕದಲ್ಲಿ, ಕೆಳಗಿನ ನೀರು ಮೇಲಿನದಕ್ಕಿಂತ ಉಪ್ಪಾಗಿರುವುದರಿಂದ ಫ್ಲೌಂಡರ್ ಅಲ್ಲಿಗೆ ಹೋಗಿ ಮೊಟ್ಟೆ ಹಾಕುತ್ತದೆ. ಉತ್ತರದಲ್ಲಿ ಅಂಥ ಅನುಕೂಲವಿಲ್ಲ. ಆದರೂ ಫಿನ್ಲೆಂಡಿನ ತೀರದಲ್ಲಿ ಫ್ಲೌಂಡರ್ ಇದೆ. ಅಲ್ಲಿಯ ಮೊಟ್ಟೆ ಚಿಕ್ಕದು, ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಅಡ್ಡಳತೆಯದು, ಸಿಪ್ಪೆ ದಪ್ಪ. ಅದು ತೇಲುವುದಿಲ್ಲ, ದಡದ ಹತ್ತಿರ, ಆಳವಿಲ್ಲದ ಕಡೆ, ತಳದಲ್ಲೇ ಬಿದ್ದಿದ್ದು ಮರಿಯಾಗುತ್ತದೆ. ಆಳದ ಬೊಗುಣಿಯಲ್ಲಿ ತಳಕ್ಕೆ ಬಿದ್ದ ಮೊಟ್ಟೆಗೆ ಆಮ್ಲಜನಕ ಸಿಗದೆ ಸಾವೇ ಗತಿ. ದಡದಲ್ಲಿ ಅಲೆ ನೀರನ್ನು ಕಲಕುತ್ತಿರುವುದರಿಂದ ಆ ಭಯವಿಲ್ಲ.

ಇದು ನೀರಿನ ಗುಣವೋ, ಮೀನಿನ ಗುಣವೋ? ನಾರ್ವೆಯ ಕಡಲಜೀವಿ ವಿಜ್ಞಾನಿ ಪೆರ್ ಸೋಲೆಮ್ಡಾಲ್ 1960 ಮತ್ತು 70ರ ದಶಕಗಳಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಿದರು. ಬಾಲ್ಟಿಕ್‌ನ ಮೀನುಗಳನ್ನು ತಂದು ಪೂರ್ತಿ ಉಪ್ಪಿನ ಕಡಲನೀರಿನಲ್ಲಿ ದೀರ್ಘಕಾಲ ಸಾಕಿದರು. ಮೀನು ಹೊಸ ನೀರಿಗೆ ಒಗ್ಗಿಕೊಂಡಿತು. ಮೊಟ್ಟೆಯ ಗಾತ್ರವಾಗಲಿ ಸಾಂದ್ರತೆಯಾಗಲಿ ಬದಲಾಗಲಿಲ್ಲ. ವಂಶವಾಹಿಯ ಓದು ಬರುವುದಕ್ಕೆ ದಶಕಗಳ ಮೊದಲೇ, ಕೆಲವು ತೊಟ್ಟಿಗಳಷ್ಟರಿಂದಲೇ, ವ್ಯತ್ಯಾಸ ರಕ್ತದಲ್ಲೇ ಇದೆ ಎಂಬ ಸುಳಿವು ಸಿಕ್ಕಿತ್ತು. ಆ ಸುಳಿವಿನ ಬೆನ್ನು ಹತ್ತುವುದಕ್ಕೆ ಇಷ್ಟು ಕಾಲ ಹಿಡಿದದ್ದೇ ಆಶ್ಚರ್ಯ.

ತಡಕ್ಕೆ ಕಾರಣವಿದೆ. ಕಡಲಮೀನುಗಳ ಸಂಖ್ಯೆ ಅಪಾರ, ಮರಿಗಳು ಪ್ರವಾಹದ ಜೊತೆ ದೂರ ಹೋಗುತ್ತವೆ, ಆದ್ದರಿಂದ ಒಂದು ಕೊಲ್ಲಿಯ ಮೀನಿಗೂ ಇನ್ನೊಂದರ ಮೀನಿಗೂ ಡಿಎನ್‌ಎ ಮಟ್ಟದಲ್ಲಿ ಕಾಣುವ ಅಂತರ ತೀರ ಸಣ್ಣದು. 2008ರಲ್ಲಿ ಸ್ವೀಡನ್ನಿನ ಆನ್-ಬ್ರಿಟ್ ಫ್ಲೊರಿನ್ ಮತ್ತು ಯಾಕೊಬ್ ಹೊಗ್ಲುಂಡ್ ಮೈಕ್ರೋಸ್ಯಾಟಲೈಟ್ ಎಂಬ ಡಿಎನ್‌ಎ ಗುರುತುಗಳನ್ನು ಬಳಸಿ, ಅಂತರ ಮುಖ್ಯವಾಗಿ ಮೊಟ್ಟೆಯಿಡುವ ರೀತಿಯನ್ನು ಅನುಸರಿಸಿದೆ ಎಂದು ತೋರಿಸಿದರು. 2017ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ಪಾವ್ಲೋ ಮೊಮಿಲ್ಯಾನೊ, ಯುಹಾ ಮೆರಿಲಾ ಮತ್ತು ಸಂಗಡಿಗರು ಜೀನೋಮಿನ ಉದ್ದಗಲದಿಂದ ಆಯ್ದ ಗುರುತುಗಳನ್ನು ಓದಿದಾಗ ಚಿತ್ರ ಸ್ಪಷ್ಟವಾಯಿತು. ಮೀನುಗಳು ಎರಡು ಗುಂಪಾಗಿ ಒಡೆದು ನಿಂತವು. ಈಗ ಒಂದು ಗುಂಪಿನಿಂದ ಇನ್ನೊಂದಕ್ಕೆ ವಂಶವಾಹಿ ಹರಿಯುತ್ತಿರುವ ಕುರುಹು ಸಿಗಲಿಲ್ಲ. ಜೀನೋಮಿನ ಬಹುಭಾಗದಲ್ಲಿ ವ್ಯತ್ಯಾಸ ಅತ್ಯಲ್ಪವಾಗಿದ್ದರೂ ಪ್ರಕೃತಿಯ ಆಯ್ಕೆ ಬಲವಾಗಿ ನಡೆದಿರುವ ಗುರುತುಗಳು ಎದ್ದುಕಂಡವು. ಬೇರ್ಪಟ್ಟು ಹೆಚ್ಚು ಕಾಲವಾಗಿಲ್ಲದ ಪ್ರಭೇದಗಳಲ್ಲಿ ನಿರೀಕ್ಷಿಸಬಹುದಾದದ್ದೂ ಇದೇ.

ಎಷ್ಟು ಕಾಲ? ಸುಮಾರು 2,400 ಪೀಳಿಗೆ ಎಂಬುದು ಆ ತಂಡದ ಅಂದಾಜು. ಪೀಳಿಗೆಗೆ ಮೂರರಿಂದ ನಾಲ್ಕು ವರ್ಷ ಹಿಡಿದರೆ ಅದು ಏಳರಿಂದ ಹತ್ತು ಸಾವಿರ ವರ್ಷದ ಹಿಂದಿನ ಮಾತು. ಭೂಚರಿತ್ರೆಯೂ ಇದಕ್ಕೆ ತಾಳೆಯಾಗುತ್ತದೆ. ಹಿಮಯುಗದ ಕೊನೆಗೆ ಬಾಲ್ಟಿಕ್ ಇದ್ದ ಜಾಗದಲ್ಲಿ ಹಿಮ ಕರಗಿದ ಸಿಹಿನೀರಿನ ಕೆರೆ ಇತ್ತು. ಸುಮಾರು ಎಂಟು ಸಾವಿರ ವರ್ಷಗಳ ಹಿಂದೆ ಡೆನ್ಮಾರ್ಕಿನ ಜಲಸಂಧಿಗಳಿಂದ ಉಪ್ಪುನೀರು ನುಗ್ಗಿ ಲಿಟೊರಿನಾ ಸಮುದ್ರವಾಯಿತು. ತಳದಲ್ಲಿ ಮೊಟ್ಟೆಯಿಡುವ ಸಂತತಿ ಮೊದಲು ಒಳಬಂತು, ತೇಲುಮೊಟ್ಟೆಯದು ಇನ್ನೊಂದು ವಲಸೆಯಲ್ಲಿ ಆಮೇಲೆ ಬಂತು. ಬೆನ್ನೆಲುಬಿರುವ ಕಡಲಜೀವಿಗಳಲ್ಲಿ ಇಷ್ಟು ಬೇಗ ಹೊಸ ಪ್ರಭೇದ ಹುಟ್ಟಿದ ಉದಾಹರಣೆ ಅದುವರೆಗೆ ವರದಿಯಾಗಿರಲಿಲ್ಲ.

2018ರಲ್ಲಿ ತಳದಲ್ಲಿ ಮೊಟ್ಟೆಯಿಡುವ ಸಂತತಿಗೆ ಹೊಸ ಹೆಸರು ಬಂತು: ಪ್ಲಾಟಿಕ್ತಿಸ್ ಸೋಲೆಮ್ಡಾಲಿ. ತೊಟ್ಟಿಯಲ್ಲಿ ಮೀನು ಸಾಕಿದ ವಿಜ್ಞಾನಿಗೆ ಸಂದ ಗೌರವ. ಅದಕ್ಕೆ ಮೊದಲು ಒಂದು ದಫ್ತರದ ಕೆಲಸವೂ ಬಾಕಿ ಇತ್ತು. ಹಳೆಯ ಹೆಸರಿಗೆ ಆಧಾರವಾದ ಮೂಲ ಮಾದರಿಗಳು ಯಾವ ಬಗೆಯವು? ಪರೀಕ್ಷಿಸಿದಾಗ ಅವು ತೇಲುಮೊಟ್ಟೆಯ ಸಂತತಿಯವೆಂದು ತಿಳಿದು ಹಳೆಯ ಹೆಸರು ಅದಕ್ಕೇ ಉಳಿಯಿತು. ಹೊರನೋಟದಲ್ಲಿ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಬೆನ್ನಿನ ಮತ್ತು ಗುದದ ರೆಕ್ಕೆಗಳ ಕಡ್ಡಿಗಳ ಸಂಖ್ಯೆ ಸರಾಸರಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೆಯಾದರೂ ಕೈಯಲ್ಲಿರುವ ಒಂದು ಮೀನನ್ನು ಹಿಡಿದು ಇಂಥದ್ದೇ ಎನ್ನಲು ಅದು ಸಾಲದು. ಅದಕ್ಕಾಗಿ ಒಂದೇ ಪಿಸಿಆರ್‌ನಲ್ಲಿ ಉತ್ತರ ಹೇಳುವ ಡಿಎನ್‌ಎ ಪರೀಕ್ಷೆಯನ್ನೂ ಹೊಸ ಹೆಸರು ಕೊಟ್ಟ ಲೇಖನದಲ್ಲೇ ಕೊಡಲಾಯಿತು. ನಮ್ಮ ಮಂಗಳೂರು, ಮಲ್ಪೆ ಬಂದರುಗಳಲ್ಲಿ ‘ನಂಗು’ ಎಂದು ಒಂದೇ ಬುಟ್ಟಿಗೆ ಬೀಳುವ ನಾಲಗೆ ಮೀನುಗಳಲ್ಲೂ ಹಲವು ಪ್ರಭೇದಗಳಿವೆ. ಆದರೆ ಅಲ್ಲಿ ಹುರುಪೆ, ಮೈಮೇಲಿನ ಪಾರ್ಶ್ವರೇಖೆ ನೋಡಿ ಬಲ್ಲವರು ವಿಂಗಡಿಸಬಹುದು. ಬಾಲ್ಟಿಕ್‌ನ ಮೀನುಗಾರನಿಗೆ ಆ ದಾರಿಯೂ ಇಲ್ಲ.

ಪೀಳಿಗೆಗಳ ಲೆಕ್ಕವನ್ನು ಮಾತ್ರ ಶಾಸನದಂತೆ ಓದಬಾರದು. ಇಂಥ ಅಂದಾಜು ಬರುವುದು ಹೀಗೆ: ಸಾಧ್ಯವಿರುವ ಹಲವು ಚರಿತ್ರೆಗಳನ್ನು ಗಣಕದಲ್ಲಿ ಮತ್ತೆ ಮತ್ತೆ ನಡೆಸಿ, ನಿಜವಾದ ಡಿಎನ್‌ಎಗೆ ಹತ್ತಿರವಾದ ಫಲಿತಾಂಶ ಕೊಟ್ಟದ್ದನ್ನು ಉಳಿಸಿಕೊಳ್ಳುವುದು. ಹಿಂದೆ ಮೀನಿನ ಸಂಖ್ಯೆ ಏರಿಳಿದಿದ್ದರೆ, ಆ ಏರಿಳಿತಕ್ಕೆ ಮಾದರಿಯಲ್ಲಿ ಜಾಗ ಕೊಡದಿದ್ದರೆ, ಉತ್ತರ ಎಲ್ಲಿಗೋ ಹೋಗಿಬಿಡುತ್ತದೆ. ಇದನ್ನು 2021ರಲ್ಲಿ ತೋರಿಸಿಕೊಟ್ಟವರು ಮೊಮಿಲ್ಯಾನೊ, ಫ್ಲೊರಿನ್ ಮತ್ತು ಮೆರಿಲಾ ಅವರೇ, ಇನ್ನೊಂದು ಚಪ್ಪಟೆ ಮೀನಾದ ಟರ್ಬಟ್‌ನ ಮೂಲಕ. ಸಂಖ್ಯೆ ಸ್ಥಿರವೆಂದು ಹಿಡಿದ ಮಾದರಿಗಳು ಬಾಲ್ಟಿಕ್ ಮತ್ತು ಉತ್ತರ ಸಮುದ್ರದ ಟರ್ಬಟ್‌ಗಳು ಬಾಲ್ಟಿಕ್ ಹುಟ್ಟುವ ಮೊದಲೇ ಬೇರೆಯಾಗಿದ್ದವು ಎಂದವು. ಏರಿಳಿತವನ್ನು ಸೇರಿಸಿದ ಮಾದರಿಗಳು ಆರು ಸಾವಿರ ವರ್ಷದೊಳಗೆ, ಅದೂ ವಂಶವಾಹಿ ವಿನಿಮಯ ನಿಲ್ಲದಂತೆ, ಬೇರೆಯಾದವು ಎಂದವು. ಡಿಎನ್‌ಎ ಒಂದೇ, ಹೇಳಿದ ಕಥೆ ಎರಡು. ಫ್ಲೌಂಡರ್ ಎರಡು ಪ್ರಭೇದ ಎಂಬ ತೀರ್ಮಾನ ಇದರಿಂದ ಅಲ್ಲಾಡುವುದಿಲ್ಲ, ಏಕೆಂದರೆ ಅದಕ್ಕೆ ಮೊಟ್ಟೆಯ ಸಾಕ್ಷ್ಯವೂ ಇದೆ. ಕಾಲಾವಧಿಯ ಅಂಕಿಯನ್ನು ಮಾತ್ರ ಎಚ್ಚರದಿಂದ ಬಳಸಬೇಕು.

ಕಾಲಾವಧಿಗಿಂತ ಮುಖ್ಯವಾದ ಸಂಗತಿ ಹಳೆಯ ಸಂಗ್ರಹಗಳಿಂದ ಹೊರಬಂತು. ಮೀನಿನ ವಯಸ್ಸು ತಿಳಿಯಲು ಅದರ ಒಳಗಿವಿಯ ಪುಟ್ಟ ಕಲ್ಲನ್ನು ತೆಗೆದು ಅದರ ಉಂಗುರಗಳನ್ನು ಎಣಿಸುವುದು ಮೀನುಗಾರಿಕಾ ಸಂಸ್ಥೆಗಳ ಹಳೆಯ ಪದ್ಧತಿ. ಓಟೋಲಿತ್ ಎಂಬ ಈ ಕಲ್ಲುಗಳನ್ನು ಎಣಿಸಿ ಎಸೆಯುವುದಿಲ್ಲ, ಕಾಪಿಡುತ್ತಾರೆ. ಕಲ್ಲಿಗೆ ಅಂಟಿಕೊಂಡು ಒಣಗಿದ ಅಂಗಾಂಶದ ಚೂರಿನಲ್ಲಿ ಡಿಎನ್‌ಎ ಉಳಿದಿರುತ್ತದೆ. ಹೆನ್ರಿ ಯೋಕಿನೆನ್ ಮತ್ತು ಸಂಗಡಿಗರು 1976ರಿಂದ 2011ರವರೆಗಿನ ಓಟೋಲಿತ್‌ಗಳನ್ನು ಹೊಸ ಪರೀಕ್ಷೆಗೆ ಒಡ್ಡಿದರು. ಫಿನ್ಲೆಂಡ್ ಕೊಲ್ಲಿಯ ಮೀನೆಲ್ಲ ಸೋಲೆಮ್ಡಾಲಿಯೇ ಇರಬೇಕೆಂಬುದು ಎಲ್ಲರ ಎಣಿಕೆಯಾಗಿತ್ತು. ಅದು ತಲೆಕೆಳಗಾಯಿತು. 1983ರ ಮಾದರಿಯಲ್ಲಿ ಶೇ. 87ರಷ್ಟು ತೇಲುಮೊಟ್ಟೆಯ ಫ್ಲೆಸಸ್, 1993ರಲ್ಲಿ ಒಂದೂ ಇಲ್ಲ, ಆಮೇಲೆ ಶೇ. 10–11. ಅದೇ ಅವಧಿಯಲ್ಲಿ ಅಲ್ಲಿ ಹಿಡಿದ ಮೀನಿನ ಪ್ರಮಾಣ ಸುಮಾರು ಶೇ. 60 ಕುಸಿದಿತ್ತು.

ಮೀನುಗಾರಿಕೆಯ ಲೆಕ್ಕಪುಸ್ತಕದಲ್ಲಿ ಇದು ಒಂದು ಮೀನಿನ ಇಳಿಕೆಯಾಗಿ ದಾಖಲಾಯಿತು. ನಿಜಕ್ಕೂ ನಡೆದದ್ದು ಒಂದು ಪ್ರಭೇದವೇ ಕೊಲ್ಲಿಯಿಂದ ಬಹುಮಟ್ಟಿಗೆ ಕಾಣೆಯಾದದ್ದು. ಕಾರಣ ಕೊಲ್ಲಿಯ ಒಳಗಲ್ಲ, ದಕ್ಷಿಣದಲ್ಲಿದ್ದಿರಬಹುದು ಎಂದು ಸಂಶೋಧಕರು ಹೇಳುತ್ತಾರೆ. ಫ್ಲೆಸಸ್ ಫಿನ್ಲೆಂಡ್ ಕೊಲ್ಲಿಯಲ್ಲಿ ಸಂತಾನ ಬೆಳೆಸುತ್ತಿರಲಿಲ್ಲ. ಪೂರ್ವ ಗೋಟ್ಲಾಂಡ್ ಬೊಗುಣಿಯಲ್ಲಿ ಹುಟ್ಟಿದ ಮರಿಗಳು ಪ್ರವಾಹದಲ್ಲಿ ಬಂದು ಅಲ್ಲಿ ಬೆಳೆಯುತ್ತಿದ್ದವು ಎಂಬುದು ಅವರ ಊಹೆ. ಆ ಬೊಗುಣಿಗೆ ಉಪ್ಪೂ ಆಮ್ಲಜನಕವೂ ಸಿಗುವುದು ಉತ್ತರ ಸಮುದ್ರದಿಂದ ಆಗೊಮ್ಮೆ ಈಗೊಮ್ಮೆ ನುಗ್ಗುವ ದೊಡ್ಡ ಒಳಹರಿವಿನಿಂದ. 1983ರಿಂದ 1993ರ ಜನವರಿಯವರೆಗೆ ಅಂಥದ್ದೊಂದೂ ಬರಲಿಲ್ಲ. ನಿಂತ ನೀರು ಕೊಳೆತಂತೆ ತೇಲುಮೊಟ್ಟೆಗೆ ತಕ್ಕ ಪದರ ತೆಳುವಾಗುತ್ತ ಹೋಯಿತು, ಉತ್ತರಕ್ಕೆ ಬರುವ ಮರಿಗಳು ನಿಂತಿರಬಹುದು. ಸೋಲೆಮ್ಡಾಲಿಗೆ ಗೋಟ್ಲಾಂಡಿನ ಆಳದ ಹಂಗಿಲ್ಲ. ದಡದಲ್ಲಿ ಮೊಟ್ಟೆ ಹಾಕುತ್ತ ಅದು ಕೊಲ್ಲಿಯಲ್ಲೇ ಉಳಿಯಿತು. 1993, 2003, 2014ರ ಒಳಹರಿವುಗಳಲ್ಲಿ ಕೊನೆಯದು ಬಂದದ್ದು ಯೋಕಿನೆನ್ ತಂಡದ ಮಾದರಿಗಳು ಮುಗಿದ ಮೂರು ವರ್ಷಕ್ಕೆ. ಅದರಿಂದ ಮರಿಗಳು ಮತ್ತೆ ಉತ್ತರಕ್ಕೆ ಬಂದವೇ ಎಂಬುದನ್ನು 2015ರ ನಂತರದ ಓಟೋಲಿತ್‌ಗಳಿಂದ ಅದೇ ಪಿಸಿಆರ್ ಪರೀಕ್ಷೆಯಲ್ಲಿ ಕಂಡುಕೊಳ್ಳಬಹುದು.