ಗರ್ಭಿಣೀಪರಿಚರ್ಯೆಯೂ ಸೂಲಗಿತ್ತಿಯೂ

ಕನ್ನಡನಾಡಿನ ವೈದ್ಯವಿದ್ಯೆಯ ಚರಿತ್ರೆಯನ್ನು ಗ್ರಂಥಗಳ ಪಟ್ಟಿಯಿಂದ ಆರಂಭಿಸುವುದು ವಿದ್ವಾಂಸರಲ್ಲಿ ವಾಡಿಕೆಯಾಗಿರುವುದು. ಚಾವುಂಡರಾಯನ ‘ಲೋಕೋಪಕಾರ’ (ಕ್ರಿ.ಶ. ೧೦೨೫), ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’, ಮಂಗರಾಜನ ‘ಖಗೇಂದ್ರಮಣಿದರ್ಪಣ’, ಶ್ರೀಧರದೇವನ ‘ವೈದ್ಯಾಮೃತ’ ಎಂಬಿವು ಆ ಪಟ್ಟಿಯಲ್ಲಿ ಪ್ರಸಿದ್ಧವಾದುವು. ದನಕರುಗಳ ರೋಗಕ್ಕೂ, ವಿಷಕ್ಕೂ, ಶಿಶುಪೀಡೆಗೂ ಹೀಗೆ ಬೇರೆಬೇರೆ ಗ್ರಂಥಗಳು ಹುಟ್ಟಿದುವು. ಬಸುರಿಯ ಆರೈಕೆಯ ವಿದ್ಯೆಯಾದರೋ ಬಹುಮಟ್ಟಿಗೆ ಓಲೆಗೆ ಇಳಿಯದೆ, ಹೆಂಗಸರ ಕೈಯಲ್ಲಿಯೂ ನಾಲಗೆಯಲ್ಲಿಯೂ ಉಳಿದುಬಂದಿತು. ಬರೆಹವಿಲ್ಲದ ವಿದ್ಯೆಯನ್ನು ಅಶಾಸ್ತ್ರೀಯವೆಂದು ತಳ್ಳಿಬಿಡುವುದು ಯುಕ್ತವೋ ಅಲ್ಲವೋ ಎಂಬ ಪ್ರಶ್ನೆ ಇಲ್ಲಿ ಹುಟ್ಟುತ್ತದೆ. ಇದಕ್ಕೆ ಶಾಸ್ತ್ರಗಳೇ ಉತ್ತರವನ್ನು ಕೊಟ್ಟಿರುವುವು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳು ಹೇಳಲ್ಪಟ್ಟಿವೆ. ಪರಿಚಾರಕನು ವೈದ್ಯನ ನೆರಳಲ್ಲಿ ಅಡಗಿದವನಲ್ಲ. ಚಿಕಿತ್ಸೆಯ ಒಂದು ಪಾದವೇ ಅವನು. ಅವನಿಗೆ ಇರತಕ್ಕ ಗುಣಗಳೂ ನಾಲ್ಕು: ಉಪಚಾರಜ್ಞತೆ ಎಂದರೆ ಆರೈಕೆಯ ಅರಿವು, ದಾಕ್ಷ್ಯವೆಂದರೆ ಕೈಚಳಕ, ಅನುರಾಗವೆಂದರೆ ಆರೈಕೆಗೊಳ್ಳುವವರಲ್ಲಿ ಪ್ರೀತಿ, ಶೌಚವೆಂದರೆ ಶುಚಿತ್ವ. ಈ ನಾಲ್ಕನ್ನೂ ಅಳತೆಗೋಲಾಗಿಟ್ಟುಕೊಂಡು ನೋಡಿದರೆ ಗರ್ಭಿಣೀಪರಿಚರ್ಯೆಯ ಚರಿತ್ರೆಯು ಸುಲಭವಾಗಿ ಬಿಡಿಸಿಕೊಳ್ಳುತ್ತದೆ.

ಅದೇ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವು ಗರ್ಭಿಣಿಯ ವಿಷಯಕ್ಕೇ ಮೀಸಲಾದುದು. ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯನ್ನು ತುಳುಕದಂತೆ ಒಯ್ಯುವವನ ಎಚ್ಚರದಿಂದ ಆಕೆಯನ್ನು ನೋಡಿಕೊಳ್ಳಬೇಕೆಂಬುದು ಅಲ್ಲಿಯ ಉಪಮಾನ. ಮೊದಲ ತಿಂಗಳಲ್ಲಿ ಹಾಲು, ಎರಡನೆಯದರಲ್ಲಿ ಮಧುರೌಷಧಗಳೊಡನೆ ಕಾಸಿದ ಹಾಲು, ಮೂರನೆಯದರಲ್ಲಿ ಜೇನುತುಪ್ಪಗಳು ಕೂಡಿದ ಹಾಲು, ನಾಲ್ಕನೆಯದರಲ್ಲಿ ಹಾಲಿನಿಂದ ತೆಗೆದ ಬೆಣ್ಣೆ, ಎಂಟನೆಯದರಲ್ಲಿ ತುಪ್ಪ ಹಾಕಿದ ಹಾಲುಗಂಜಿ ಎಂದು ಮಾಸಕ್ರಮದ ಪಥ್ಯವು ವಿಹಿತವಾಗಿದೆ. ಒಂದೇ ದೇಹದಲ್ಲಿ ಎರಡು ಹೃದಯಗಳಿರುವುದರಿಂದ ಗರ್ಭಿಣಿಯು ‘ದೌಹೃದಿನಿ’ ಎನ್ನಿಸಿಕೊಳ್ಳುವಳೆಂದು ಸುಶ್ರುತನು ಹೇಳುವನು. ಕನ್ನಡದಲ್ಲಿ ಅದಕ್ಕೆ ‘ಬಯಕೆ’ ಎಂಬ ಒಂದೇ ಮಾತು ಸಾಕಾಗಿದೆ. ಬಸುರಿಯ ಬಯಕೆಯನ್ನು ತೀರಿಸದಿರಬಾರದೆಂಬ ಮನೆಯ ಹಿರಿಯಳ ಮಾತೂ ಸಂಹಿತೆಯ ಮಾತೂ ಇಲ್ಲಿ ಒಂದಾಗುವುವು.

ಒಂಬತ್ತನೆಯ ತಿಂಗಳಿಗೆ ಮುಂಚೆಯೇ ಸೂತಿಕಾಗಾರವನ್ನು ಸಿದ್ಧಪಡಿಸತಕ್ಕದ್ದು. ಅದರೊಳಗೆ ಇರತಕ್ಕವರು ಯಾರು? ಅಥರ್ವವೇದವನ್ನರಿತ ಬ್ರಾಹ್ಮಣರೂ ಅಲ್ಲಿರಬೇಕೆಂದು ಚರಕಸಂಹಿತೆ ಹೇಳುವುದು ನಿಜ. ಆದರೆ ಹೆರುವವಳ ಮಗ್ಗುಲಲ್ಲಿ ಕುಳಿತು ಕೆಲಸವನ್ನು ನಡೆಸುವವರು ಹೆಂಗಸರೇ. ಅವರು ಹಲವು ಬಾರಿ ಹೆತ್ತವರು, ಸ್ನೇಹಶೀಲೆಯರು, ಸಮಯಕ್ಕೆ ತಕ್ಕ ಉಪಾಯವನ್ನು ಬಲ್ಲವರು, ಸ್ವಭಾವದಿಂದಲೇ ವಾತ್ಸಲ್ಯವುಳ್ಳವರು, ವಿಷಾದವನ್ನು ತೊರೆದವರು, ಕ್ಲೇಶವನ್ನು ಸಹಿಸತಕ್ಕವರು ಆಗಿರಬೇಕು. ಸುಶ್ರುತನು ಇನ್ನೂ ಖಚಿತವಾಗಿ, ಪ್ರಸವಕರ್ಮದಲ್ಲಿ ನಿಪುಣೆಯರಾದ, ಪ್ರಾಯ ಸಂದ, ನಂಬಿಕೆಗೆ ಅರ್ಹರಾದ ನಾಲ್ವರು ಸ್ತ್ರೀಯರಿರಬೇಕೆಂದೂ, ಅವರು ಉಗುರುಗಳನ್ನು ಕತ್ತರಿಸಿಕೊಂಡಿರಬೇಕೆಂದೂ ವಿಧಿಸಿದ್ದಾನೆ. ಉಗುರಿನ ಈ ಮಾತು ಚಿಕ್ಕದಾಗಿ ಕಂಡರೂ ಅದರ ಬೆಲೆ ಎಷ್ಟೆಂಬುದು ಮುಂದೆ ತಿಳಿದುಬರುವುದು.

ಇನ್ನೊಂದು ಪ್ರಕರಣವೂ ಗಮನಾರ್ಹವಾದುದು. ಹೆರಿಗೆ ತಡವಾದಾಗ ಗರ್ಭಿಣಿಯ ಕೈಗೆ ಒನಕೆಯನ್ನು ಕೊಟ್ಟು, ಒರಳಿನಲ್ಲಿ ಧಾನ್ಯವನ್ನು ಕುಟ್ಟಿಸಬೇಕೆಂದು ಕೆಲವರ ಮತವಿದ್ದಿತು. ಆತ್ರೇಯನು ಅದನ್ನು ಒಪ್ಪಲಿಲ್ಲ. ಗರ್ಭಿಣಿಗೆ ಕಠಿನವ್ಯಾಯಾಮವು ಎಂದೂ ಸಲ್ಲದು. ಪ್ರಸವಕಾಲದಲ್ಲಂತೂ ಅದು ಪ್ರಾಣಾಪಾಯಕರವೆಂದು ಅವನ ನಿರ್ಣಯ. ನೋವು ಬಾರದೆ ಮುಕ್ಕಬಾರದೆಂದೂ, ಹಾಗೆ ಮಾಡಿದರೆ ಶ್ರಮ ವ್ಯರ್ಥವೆಂದೂ ಹೆರುವವಳಿಗೆ ಹೇಳಿಕೊಡುವ ಕೆಲಸವನ್ನು ಸಂಹಿತೆಯು ಬಳಿಯಲ್ಲಿರುವ ಸ್ತ್ರೀಗೇ ಒಪ್ಪಿಸಿದೆ. ಗೃಹ್ಯಸೂತ್ರಗಳ ನಿಲುವೂ ಇದಕ್ಕೆ ಸಮೀಪವಾದುದು. ಆಶ್ವಲಾಯನನು ಸೀಮಂತೋನ್ನಯನದ ವಿಧಿಗಳನ್ನು ಹೇಳುತ್ತ, ಗಂಡನೂ ಮಕ್ಕಳೂ ಬದುಕಿರುವ ವೃದ್ಧಬ್ರಾಹ್ಮಣಿಯರು ಏನೇನನ್ನು ಉಪದೇಶಿಸುವರೋ ಅದನ್ನೆಲ್ಲ ಮಾಡತಕ್ಕದ್ದೆಂದು ವಿಧಿಸುವನು. ಪುಸ್ತಕದ ವಿದ್ಯೆಯು ತನ್ನ ಎಲ್ಲೆಯನ್ನು ತಾನೇ ಗುರುತಿಸಿಕೊಂಡು, ಅದರಾಚೆಗಿರುವುದನ್ನು ಹೆಂಗಸರ ಬಾಯಿಂದ ಕೇಳೆಂದು ನಿರ್ದೇಶಿಸಿರುವುದು ಇದರಿಂದ ಸ್ಪಷ್ಟವಾಗುತ್ತದೆ.

ಪ್ರಸವಕ್ಕಾಗಿ ಸಾರ್ವಜನಿಕ ಶಾಲೆಯನ್ನು ಕಟ್ಟುವ ಭಾವನೆಯೂ ದಕ್ಷಿಣದೇಶಕ್ಕೆ ಹೊಸತಲ್ಲ. ಬಳ್ಳಿಗಾವೆಯ ಕೋಡಿಯ ಮಠದ ಕ್ರಿ.ಶ. ೧೧೬೨ರ ಶಾಸನದಲ್ಲಿ ಅನಾಥರಾದ ರೋಗಿಗಳ ಚಿಕಿತ್ಸಾಸ್ಥಾನವು ಹೇಳಲ್ಪಟ್ಟಿದೆ. ಅದರ ತರುವಾಯ ನೂರು ವರ್ಷಗಳಾಗುವುದರೊಳಗೆ, ನೆರೆಯ ಆಂಧ್ರದೇಶದಲ್ಲಿ ಕಾಕತೀಯ ರುದ್ರಮದೇವಿಯ ಕಾಲದ ಮಲ್ಕಾಪುರ ಶಾಸನವು (ಕ್ರಿ.ಶ. ೧೨೬೧) ಪ್ರಸೂತಿಶಾಲೆ, ಆರೋಗ್ಯಶಾಲೆ, ಅನ್ನಸತ್ರಗಳಿಗೆ ಗ್ರಾಮದ ಉತ್ಪತ್ತಿಯಲ್ಲಿ ಪಾಲನ್ನು ಗೊತ್ತುಮಾಡುತ್ತದೆ.

ಆದರೆ ಇಂತಹ ಶಾಲೆಗಳು ವಿರಳ. ಹಳ್ಳಿಹಳ್ಳಿಗಳಲ್ಲಿ ಈ ಭಾರವನ್ನು ಹೊತ್ತವಳು ಸೂಲಗಿತ್ತಿ. ‘ಸೂಲು’ ಎಂದರೆ ಹೆರಿಗೆ. ಮೊದಲ ಸೂಲಿನ ಹಸು, ಎರಡನೆಯ ಸೂಲಿನ ಹಸು ಎಂದು ಒಕ್ಕಲಿಗರು ಇಂದಿಗೂ ಎಣಿಸುವರು. ‘ಗಿತ್ತಿ’ ಎಂಬುದು ಅಗಸಗಿತ್ತಿ, ಹೂವಾಡಗಿತ್ತಿ ಎಂಬಲ್ಲಿ ಇರುವಂತೆ ಸ್ತ್ರೀವಾಚಕ ಪ್ರತ್ಯಯ. ಸಂಹಿತೆಗಳು ಗುಣಗಳನ್ನು ಮಾತ್ರ ಹೇಳಿ ಸುಮ್ಮನಾದ ವ್ಯಕ್ತಿಗೆ ಕನ್ನಡವು ಹೀಗೆ ವೃತ್ತಿಯ ಹೆಸರನ್ನೇ ಕೊಟ್ಟಿತು. ಹೆಸರು ಕೊಟ್ಟ ಸಮಾಜವು ಗೌರವವನ್ನು ಅದೇ ಪ್ರಮಾಣದಲ್ಲಿ ಕೊಡಲಿಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು. ಹಲವು ಊರುಗಳಲ್ಲಿ ಆಕೆಯು ಕೆಳಗಿನವಳೆಂದು ಎಣಿಸಲ್ಪಟ್ಟ ಕುಲದವಳು. ನೋವು ಕಾಣಿಸಿಕೊಂಡ ರಾತ್ರಿ ನಡುಮನೆಗೆ ಕರೆಯಲ್ಪಟ್ಟವಳು ಪುರುಡು ಕಳೆದ ಮೇಲೆ ಜಗಲಿಯ ಕೆಳಗೇ ನಿಲ್ಲಬೇಕಾಗಿತ್ತು. ಶಾಸ್ತ್ರವು ಸೂತಿಕಾಗಾರದಲ್ಲಿ ಕೇಳಿದ್ದು ಗುಣವನ್ನು. ಲೋಕವು ನೋಡಿದ್ದು ಕುಲವನ್ನು.

ಮೇಲಣ ಅಳತೆಗೋಲಿನಿಂದ ನೋಡಿದರೆ ಸೂಲಗಿತ್ತಿಯಲ್ಲಿ ದಾಕ್ಷ್ಯವೂ ಅನುರಾಗವೂ ಯಥೇಷ್ಟವಾಗಿದ್ದುವು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ನಿಂತ ಬಗೆಯನ್ನು ಹೇಳುವುದು, ಹೆತ್ತ ಬಳಿಕ ತಾಯಿಗೆ ಎಣ್ಣೆನೀರು ಹಾಕುವುದು, ಕೂಸನ್ನು ಕಾಲಮೇಲೆ ಮಲಗಿಸಿ ಎರೆಯುವುದು ಇವೆಲ್ಲ ಆಕೆಯ ಕೆಲಸವೇ. ಶೌಚದ ನಿಯಮ ಮಾತ್ರ ಎಲ್ಲ ಕಡೆಯೂ ಉಳಿದುಬರಲಿಲ್ಲ. ತೊಳೆಯದ ಕುಡುಗೋಲಿನಿಂದ ಹೊಕ್ಕುಳಬಳ್ಳಿಯನ್ನು ಕೊಯ್ದುದರಿಂದ ಧನುರ್ವಾಯುವಿಗೆ ತುತ್ತಾದ ಕೂಸುಗಳೂ, ಸೂತಿಕಾಜ್ವರದಿಂದ ಮಡಿದ ಬಾಣಂತಿಯರೂ ಅನೇಕರು. ಸುಶ್ರುತನ ಉಗುರಿನ ವಿಧಿಯು ಪುಸ್ತಕದಲ್ಲಿ ಉಳಿದು ಕೈಯಿಂದ ಮರೆಯಾಯಿತು.

ಈ ದೋಷವನ್ನು ಸೂಲಗಿತ್ತಿಯೊಬ್ಬಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ೧೮೪೭ರಲ್ಲಿ ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕಂಡುಕೊಂಡುದೇನೆಂದರೆ, ದಾದಿಯರು ಹೆರಿಗೆ ಮಾಡಿಸುತ್ತಿದ್ದ ವಿಭಾಗಕ್ಕಿಂತ ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಮಾಡಿಸುತ್ತಿದ್ದ ವಿಭಾಗದಲ್ಲಿಯೇ ಬಾಣಂತಿಯರ ಮರಣವು ಹೆಚ್ಚಾಗಿದ್ದಿತು. ಶವಗಳನ್ನು ಮುಟ್ಟಿದ ಕೈಗಳೇ ಅದಕ್ಕೆ ಕಾರಣ. ಸುಣ್ಣದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವ ಕಟ್ಟಳೆಯನ್ನು ಮಾಡಿದೊಡನೆ ಮರಣವು ಬಹಳವಾಗಿ ಇಳಿಯಿತು. ಪಾಂಡಿತ್ಯವಿದ್ದಲ್ಲಿ ಶೌಚವು ತಾನಾಗಿ ಇರುವುದೆಂಬ ನಂಬಿಕೆಯು ಅಲ್ಲಿ ಮುರಿದುಬಿದ್ದಿತು.

ಭಾರತದಲ್ಲಿ ೧೮೮೫ರ ಡಫರಿನ್ ನಿಧಿಯೂ, ದಾಯಿಗಳ ಶಿಕ್ಷಣಕ್ಕಾಗಿ ೧೯೦೩ರಲ್ಲಿ ಏರ್ಪಟ್ಟ ವಿಕ್ಟೋರಿಯಾ ಸ್ಮಾರಕ ನಿಧಿಯೂ ಸ್ತ್ರೀವೈದ್ಯರನ್ನೂ ದಾದಿಯರನ್ನೂ ಸಿದ್ಧಗೊಳಿಸುವ ದಾರಿಯನ್ನು ತೆರೆದುವು. ಮೈಸೂರು ಸಂಸ್ಥಾನದಲ್ಲಿ ಮೈಸೂರಿನ ಚೆಲುವಾಂಬ ಆಸ್ಪತ್ರೆಯೂ, ಬೆಂಗಳೂರಿನಲ್ಲಿ ೧೯೩೫ರಲ್ಲಿ ತೆರೆದ ವಾಣಿವಿಲಾಸ ಆಸ್ಪತ್ರೆಯೂ ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತಂದ ಸಂಸ್ಥೆಗಳಲ್ಲಿ ಮುಖ್ಯವಾದುವು. ಉಪಚಾರಜ್ಞತೆ, ಶೌಚಗಳು ಇಲ್ಲಿ ಪಾಠವಾದುವು, ಪರೀಕ್ಷೆಯಾದುವು, ವೃತ್ತಿಯಾದುವು.

ಬೆಂಗಳೂರಿನ ಪಶ್ಚಿಮಭಾಗವು ಈ ಬದಲಾವಣೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ೧೯೪೯ರಲ್ಲಿ ಕೈಗಾರಿಕಾ ಉಪನಗರವಾಗಿ ಹುಟ್ಟಿದ ರಾಜಾಜಿನಗರಕ್ಕೂ, ತರುವಾಯ ಹಬ್ಬಿದ ವಿಜಯನಗರ ಬಸವೇಶ್ವರನಗರಗಳಿಗೂ ದುಡಿಮೆಗಾಗಿ ಬಂದು ನೆಲೆಸಿದ ಸಂಸಾರಗಳು ಅನೇಕ. ಅವುಗಳಿಗೆ ತವರು ದೂರವಾಯಿತು, ಅಜ್ಜಿ ಊರಿನಲ್ಲಿ ಉಳಿದಳು. ತವರು ಮಾಡುತ್ತಿದ್ದುದನ್ನು ಕಾನೂನೂ ಆಸ್ಪತ್ರೆಯೂ ಮಾಡಬೇಕಾಯಿತು. ೧೯೪೮ರ ಕಾರ್ಮಿಕರ ರಾಜ್ಯವಿಮಾ ಕಾಯಿದೆಯೂ, ೧೯೬೧ರ ಹೆರಿಗೆ ಸೌಲಭ್ಯ ಕಾಯಿದೆಯೂ ದುಡಿಯುವ ಬಸುರಿಗೆ ವಿಶ್ರಾಂತಿಯನ್ನು ಹಕ್ಕಾಗಿ ಮಾಡಿದುವು. ೨೦೧೭ರಲ್ಲಿ ೧೨ ವಾರಗಳ ರಜೆಯು, ಮೊದಲ ಎರಡು ಮಕ್ಕಳ ಮಟ್ಟಿಗೆ, ೨೬ ವಾರಗಳಿಗೆ ಏರಿತು. ಕಾರ್ಮಿಕರ ವಿಮಾ ಆಸ್ಪತ್ರೆಯು ರಾಜಾಜಿನಗರದಲ್ಲಿಯೇ ನೆಲೆಗೊಂಡಿತು. ೨೦೦೭ರಲ್ಲಿ ರಾಜ್ಯಸರ್ಕಾರವು ಬಡ ಬಾಣಂತಿಯರಿಗೆ ಅಗತ್ಯ ವಸ್ತುಗಳ ಚೀಲವನ್ನು ಕೊಡತೊಡಗಿದಾಗ ಅದಕ್ಕೆ ‘ಮಡಿಲು’ ಎಂದೇ ಹೆಸರಿಟ್ಟಿತು. ಮಡಿಲು ತುಂಬುವ ತವರಿನ ಸ್ಥಾನಕ್ಕೆ ಬರಬೇಕೆಂಬ ಆಕಾಂಕ್ಷೆಯು ಆ ಹೆಸರಿನಲ್ಲಿಯೇ ಇದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ೯೭ರಷ್ಟು ಆಸ್ಪತ್ರೆಗಳಲ್ಲಿಯೇ ನಡೆದುವು.

ಈ ಎರಡು ಕಾಲಗಳ ನಡುವೆ ನಿಂತ ಒಂದು ಜೀವವನ್ನು ಸ್ಮರಿಸದೆ ಈ ವಿಷಯವು ಪೂರ್ಣವಾಗದು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು ಅಕ್ಷರ ಕಲಿತವರಲ್ಲ. ಅಜ್ಜಿಯಿಂದ ಕಲಿತ ವಿದ್ಯೆಯಿಂದ, ಪ್ರತಿಫಲವನ್ನು ಬಯಸದೆ, ೧೫,೦೦೦ಕ್ಕೂ ಮೇಲ್ಪಟ್ಟು ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿ. ತುಮಕೂರು ವಿಶ್ವವಿದ್ಯಾಲಯವು ೨೦೧೪ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಬಿರುದುಗಳು ಎಷ್ಟು ಬಂದರೂ ನಾಡು ಅವರನ್ನು ಕರೆದುದು ‘ಸೂಲಗಿತ್ತಿ ನರಸಮ್ಮ’ ಎಂದೇ. ಜಗಲಿಯ ಕೆಳಗೆ ನಿಂತಿದ್ದ ವೃತ್ತಿನಾಮವು ಅವರಿಂದ ಬಿರುದಾಯಿತು. ಅದೇ ವರ್ಷದ ಡಿಸೆಂಬರ್ ೨೫ರಂದು ಕೆಂಗೇರಿಯ ಆಸ್ಪತ್ರೆಯೊಂದರಲ್ಲಿ ಅವರು ತೀರಿಕೊಂಡರು.

ಆ ೨೦೧೮ರಲ್ಲಿಯೇ ಭಾರತಸರ್ಕಾರವು ಪ್ರಸೂತಿಪರಿಚರ್ಯೆಯ ಮಾರ್ಗದರ್ಶಿಯನ್ನು ಪ್ರಕಟಿಸಿ, ಸಹಜವಾದ ಹೆರಿಗೆಗಳನ್ನು ವಿಶೇಷ ಶಿಕ್ಷಣ ಪಡೆದ ದಾದಿಯರೇ ನಡೆಸುವ ಕ್ರಮಕ್ಕೆ ಅಡಿಗಲ್ಲಿಟ್ಟಿತು. ಅರಿವನ್ನೂ ಶುಚಿತ್ವವನ್ನೂ ಶಾಲೆಯಲ್ಲಿ ಕಲಿಸಬಹುದು. ಕೈಚಳಕವು ಅಭ್ಯಾಸದಿಂದ ಬರುವುದು. ಅನುರಾಗವನ್ನು ಕಲಿಸುವ ಗ್ರಂಥವು ಯಾವುದು? ಚರಕನು ಅದನ್ನು ನಾಲ್ಕರಲ್ಲಿ ಒಂದಾಗಿ ಎಣಿಸಿದನೇ ಹೊರತು ಉಳಿದ ಮೂರಕ್ಕೆ ಅಲಂಕಾರವಾಗಿ ಎಣಿಸಲಿಲ್ಲ. ಪುಸ್ತಕದ ಶೌಚವು ಸೂಲಗಿತ್ತಿಯ ಕೈಗೆ ತಲುಪದಿದ್ದ ಕಾಲದಲ್ಲಿ ತಾಯಂದಿರು ಪ್ರಾಣವನ್ನು ತೆತ್ತರು. ಸೂಲಗಿತ್ತಿಯ ಅನುರಾಗವು ಆಸ್ಪತ್ರೆಯ ಮಂಚದವರೆಗೆ ತಲುಪದಿದ್ದರೆ, ಹೆರುವವಳು ಪ್ರಾಣವನ್ನು ಉಳಿಸಿಕೊಂಡೂ ಒಬ್ಬಂಟಿಗಳಾಗಿ ಹೆರುವಳು. ನಾಲ್ಕು ಗುಣಗಳೂ ಒಬ್ಬಳಲ್ಲಿಯೇ ಕೂಡಿದಂದು ಮಾತ್ರ ಆ ಎಣ್ಣೆಯ ಪಾತ್ರೆಯು ತುಳುಕದೆ ದಡ ಸೇರೀತು.