ಮೂಲೆಯೇ ಇಲ್ಲದ ಅಕ್ಷರ: ವ್ಯಾಗ್ ರೌಂಡೆಡ್, 1979

ವ್ಯಾಗ್ ರೌಂಡೆಡ್ ಅಕ್ಷರಶೈಲಿಯಲ್ಲಿ ಇಂಗ್ಲಿಷಿನ ಸಣ್ಣ ‘ಎಲ್’ (l) ಅಕ್ಷರವನ್ನು ಹತ್ತಿರದಿಂದ ನೋಡಿ: ಒಂದೇ ದಪ್ಪದ ಗೆರೆ, ಎರಡೂ ತುದಿಯಲ್ಲಿ ಅರ್ಧವೃತ್ತ. ಫೋಕ್ಸ್‌ವ್ಯಾಗನ್, ಆಡಿ ಕಾರುಗಳ ಮಾರಾಟ ಮಳಿಗೆಗಳು ಒಂದೇ ಹೆಸರಿನಡಿ ಬಂದಾಗ ಎರಡಕ್ಕೂ ಹೊಂದುವಂತೆ ಲಂಡನ್ನಿನ ಸೆಡ್ಲಿ ಪ್ಲೇಸ್ ವಿನ್ಯಾಸ ಸಂಸ್ಥೆ ಈ ಅಕ್ಷರಶೈಲಿಯನ್ನು ರೂಪಿಸಿತು. ಚೂಪು ಮೂಲೆಗಳು ಬೋರ್ಡಿಗೆ ಬರುವಷ್ಟರಲ್ಲಿ ಹೇಗೂ ಸವೆದಂತೆ ಕಾಣುತ್ತವೆ. ಇಲ್ಲಿ ಮೊದಲೇ ದುಂಡಗೆ ಮಾಡಿಟ್ಟಿರುವುದರಿಂದ ಅಚ್ಚು ಸ್ವಲ್ಪ ಒರಟಾದರೂ ರೂಪ ಕೆಡದು. ಅಂಗಡಿ ಬೋರ್ಡು, ಪೊಟ್ಟಣ, ಆಟಿಕೆ ಡಬ್ಬಗಳಿಗೆ ಈ ದಪ್ಪ, ದುಂಡು ಅಕ್ಷರ ಚೆನ್ನಾಗಿ ಒಪ್ಪುತ್ತದೆ. ಪುಟಗಟ್ಟಲೆ ಓದುವ ಬರಹಕ್ಕೆ ಮಾತ್ರ ಬೇಡವೇ ಬೇಡ: ಗಾತ್ರ ಇಳಿದಷ್ಟೂ ಅಕ್ಷರದೊಳಗಿನ ಬಿಳಿ ಜಾಗ ಮುಚ್ಚಿಹೋಗಿ ಸಾಲೆಲ್ಲ ಕಪ್ಪಗಾಗುತ್ತದೆ. ಆಪಲ್ ಕೀಲಿಮಣೆಗಳ ಮೇಲೆ ವರ್ಷಗಟ್ಟಲೆ ಇದ್ದದ್ದೂ ಇದೇ ಕುಟುಂಬದ ತೆಳು ರೂಪ. 2015ರಲ್ಲಿ ಆ ಜಾಗಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಎಂಬ ಅಕ್ಷರಶೈಲಿ ಬರತೊಡಗಿತು.